ನಲವತ್ತೆರಡನೆಯ ಹೆಸರು

ನಾನು ಒಂದು ತಾಮ್ರದ ಪಟ್ಟಿ. ಉದ್ದ ಒಂದು ಗೇಣು, ಅಗಲ ಮೂರು ಬೆರಳು. ಕಾಶವ್ವನ ಮನೆಯ ತಲೆಬಾಗಿಲ ಮೇಲೆ ಎರಡು ಮೊಳೆಗಳ ಆಸರೆಯಲ್ಲಿ ನಿಂತಿದ್ದೇನೆ. ಹೇಳಿದರೆ ಯಾರೂ ನಂಬಲಿಕ್ಕಿಲ್ಲ, ಒಂದು ಕಾಲಕ್ಕೆ ನಾನು ಅರ್ಧ ಚೀಲ ಅಕ್ಕಿ ಒಮ್ಮೆಗೇ ಬೇಯುವಂಥ ಕೊಪ್ಪರಿಗೆಯಾಗಿದ್ದೆ. ನನ್ನನ್ನು ಒಲೆಯಿಂದ ಇಳಿಸಲು ಆರು ಜನ ಗಂಡಸರು ಬೇಕಾಗುತ್ತಿದ್ದರು, ಅದರಲ್ಲೂ ಇಬ್ಬರು ಸೊಂಟ ಹಿಡಿದುಕೊಂಡೇ ಮನೆಗೆ ಹೋಗುತ್ತಿದ್ದರು. ಆ ಜಂಬ ಈಗ ನನಗಿಲ್ಲ. ಹೇಳಬೇಕಾದ್ದನ್ನು ಹೇಳುವಷ್ಟು ತಾಮ್ರ ಮಾತ್ರ ಉಳಿದಿದೆ.

ನನ್ನನ್ನು ತಟ್ಟಿ ಮಾಡಿದವನು ಧರಣೇಂದ್ರ ಬೋಗಾರ. ಒಂದು ತಿಂಗಳು ಬೆಳಗಿನಿಂದ ಸಂಜೆಯವರೆಗೆ ಸುತ್ತಿಗೆಯ ಏಟು ತಿಂದು ನಾನು ದುಂಡಗಾದೆ. ಕೊಳ್ಳುವವರು ಒಬ್ಬರಲ್ಲ, ನಲವತ್ತೊಂದು ಮನೆಯವರು. ನೇಕಾರರ ಆ ಪೇಟೆಯಲ್ಲಿ ಮಗ್ಗದ ಓಣಿ ಎಂದರೆ ಕೈಗೂ ಬಾಯಿಗೂ ಸರಿಹೋಗುವ ಸಂಸಾರಗಳ ಓಣಿ. ಮದುವೆ, ಮುಂಜಿ, ಸಾವು ಏನೇ ಬಂದರೂ ಸಾವುಕಾರರ ಮನೆಗೆ ಹೋಗಿ ದೊಡ್ಡ ಪಾತ್ರೆ ಬೇಡಬೇಕಿತ್ತು. ಬೇಡಿ ಬೇಡಿ ಸಾಕಾಗಿ ಓಣಿಯವರು ತಾವೇ ಪಟ್ಟಿ ಎತ್ತಿ ನನ್ನನ್ನು ತಂದರು. ಕೊಟ್ಟವರ ಹೆಸರನ್ನೆಲ್ಲ ನನ್ನ ಅಂಚಿನ ಸುತ್ತ ಚುಕ್ಕೆ ಚುಕ್ಕೆಯಾಗಿ ಕೆತ್ತಿಸಿದರು. ನಮ್ಮ ಕಡೆ ಪಾತ್ರೆ ಕೊಟ್ಟರೆ ಹೆಸರು ಹಾಕಿಸುವುದು ರೂಢಿ. ಕೊಟ್ಟವರು ಯಾರೆಂದು ತಿನ್ನುವವರಿಗೆ ಗೊತ್ತಿರಬೇಕಲ್ಲ.

ಕೊನೆಯ ಹೆಸರು ಬಾಳವ್ವನದು. ಅವಳಲ್ಲಿ ರೊಕ್ಕ ಇರಲಿಲ್ಲ. ಕೂಸನ್ನು ಮಗ್ಗದ ಪಕ್ಕದ ಜೋಳಿಗೆಯಲ್ಲಿ ಮಲಗಿಸಿಕೊಂಡು ಎಂಟು ದಿನ ನೂಲಿನ ಕಂಡಿಕೆ ಸುತ್ತಿದ ಕೂಲಿಯನ್ನು ಪೂರ್ತಿ ತಂದು ಕೊಟ್ಟಳು. 'ಬಾಳವ್ವ ಕೋಂ ಈರಪ್ಪ', ಅಂದರೆ ಈರಪ್ಪನ ಹೆಂಡತಿ ಬಾಳವ್ವ, ಎಂದು ಕೆತ್ತಿದ ಮೇಲೆ ಅಂಚಿನಲ್ಲಿ ಇನ್ನೂ ಒಂದು ಹೆಸರಿಗಾಗುವಷ್ಟು ಜಾಗ ಉಳಿಯಿತು. ಹೊಸದಾಗಿ ಯಾರಾದರೂ ಓಣಿಗೆ ಬಂದರೆ ಇರಲಿ ಎಂದು ಹಿರಿಯರು ಅದನ್ನು ಹಾಗೇ ಬಿಟ್ಟರು. ಐವತ್ತು ವರ್ಷ ಅದು ಖಾಲಿಯೇ ಇತ್ತು.

ಓಣಿಯಲ್ಲಿ ನನಗೆ ಸಂಬಂಧಿಸಿದ ಒಂದು ಕಟ್ಟಳೆ ಇತ್ತು. ಅಡುಗೆಯಾದ ಮೇಲೆ ನನ್ನ ಮುಚ್ಚಳ ತೆಗೆಯುವ ಮೊದಲು ಅಡುಗೆಯವಳು ಸೌಟು ಹಿಡಿದು ನಿಂತು, ಈ ಊಟ ಇಂಥವರದು ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಹೇಳುವತನಕ ಯಾರೂ ಎಲೆಗೆ ಕೈ ಹಾಕುವಂತಿಲ್ಲ. ಬಾಳವ್ವ ಅಡುಗೆಗೆ ನಿಂತಷ್ಟು ವರ್ಷ ಅವಳ ದನಿ ಕೇಳಿಯೇ ನನ್ನ ಮುಚ್ಚಳ ಏಳುತ್ತಿತ್ತು. ಅವಳ ಕಾಲ ಮುಗಿದ ಮೇಲೆ ಜೋಳಿಗೆಯಲ್ಲಿದ್ದ ಆ ಕೂಸು, ಕಾಶವ್ವ, ಸೌಟು ಹಿಡಿದಳು. ಬಾಳವ್ವ ತೀರಿಕೊಂಡ ಹನ್ನೊಂದನೆಯ ದಿನದ ಅನ್ನ ಬೆಂದದ್ದೂ ನನ್ನಲ್ಲೇ. 'ಈ ಊಟ ನಮ್ಮವ್ವಂದು' ಎಂದು ಕಾಶವ್ವ ಓಣಿಯ ಕೊನೆಗೂ ಕೇಳುವಂತೆ ಹೇಳಿದಳು. ಅವಳ ಮೇಲೆ ನನಗೆ ಅಭಿಮಾನ ಹುಟ್ಟಿದ್ದು ಅವತ್ತು.

ಕಾಶವ್ವನ ಗಂಡ ಬೇಗ ತೀರಿಕೊಂಡ. ಒಬ್ಬಳೇ ಮಗಳು ಮಹಾನಂದಾ. ಅಳಿಯ ಬಸಲಿಂಗ ಮನೆಯಳಿಯನಾಗಿ ಬಂದು, ಮಗ್ಗ ಕೈಬಿಟ್ಟು, ಓಣಿಯ ಹಿಂದಿನ ಬಣ್ಣದ ಕಾರ್ಖಾನೆಗೆ ಸೇರಿದ. ನೂಲಿಗೆ ಬಣ್ಣ ಹಾಕುವ ಆ ಕಾರ್ಖಾನೆ ವಿರೂಪಾಕ್ಷ ಸಾವುಕಾರರದು. ಬಸಲಿಂಗನ ಕೈ ಮೊಣಕೈತನಕ ನೀಲಿ. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

ಕಾರ್ಖಾನೆಯ ಹೊಲಸು ನೀರು ಹಳ್ಳಕ್ಕೆ ಹರಿಯುತ್ತದೆ ಎಂದು ಓಣಿಯವರು ಗೊಣಗುತ್ತಿದ್ದರು. ಬೋರಿನ ನೀರು ಕೆಡುತ್ತಿದೆ ಎಂಬುದು ಮಾತ್ರ ಅವರಿಗಿಂತ ಮೊದಲು ನನಗೆ ಗೊತ್ತಾಯಿತು. ಕುದಿಯುವ ನೀರನ್ನು ಒಳಗಿಟ್ಟುಕೊಂಡವನು ನಾನು, ನನಗೆ ತಿಳಿಯದೆ ಇನ್ಯಾರಿಗೆ ತಿಳಿಯಬೇಕು? ವರ್ಷಕ್ಕೊಮ್ಮೆ ನನಗೆ ಕಲಾಯಿ ಹಾಕಲು ಖಾಜಾಸಾಬ ಬರುತ್ತಿದ್ದ. ಪಾತ್ರೆಗೆ ಹೆಸರು ಕೆತ್ತುವುದೂ ಅವನೇ, ಹಳೆಯ ತಾಮ್ರ ಹಿತ್ತಾಳೆ ಕೊಳ್ಳುವುದೂ ಅವನೇ. ಆ ವರ್ಷ ಎರಡನೆಯ ಸಲ ಕರೆಸಿದಾಗ ಅವನು ನನ್ನೊಳಗೆ ಬೆರಳಾಡಿಸಿ ಮುಖ ಗಂಟಿಕ್ಕಿದ.

"ಮೊದಲ ವರ್ಸಕ್ಕೊಮ್ಮೆ ಕಲಾಯಿ ಸಾಕಾಗ್ತಿತ್ತು. ಈಗ ಎರಡು ತಿಂಗಳಿಗೇ ತಾಮ್ರ ಕಾಣಾಕತ್ತೈತಿ. ಈ ನೀರಾಗ ಏನೋ ಐತಿ, ಕಾಶವ್ವಾ."

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಸಾವುಕಾರರು ಕಾರ್ಖಾನೆಯನ್ನು ಮೂರು ಪಟ್ಟು ದೊಡ್ಡದು ಮಾಡುವವರಿದ್ದಾರೆ, ಪುರಸಭೆ ಒಪ್ಪಿಗೆ ಕೊಟ್ಟರೆ ಮುಗಿಯಿತು. ಓಣಿಗೆ ಇದ್ದದ್ದು ಅದೊಂದೇ ಬೋರು. ಪುರಸಭೆಯ ಚುನಾವಣೆ ಎದುರಿಗೇ ಇತ್ತು. ನಮ್ಮ ವಾರ್ಡಿನಿಂದ ಇಬ್ಬರು ನಿಂತರು. ಒಬ್ಬರು ಇಂದುಮತಿ ಅಕ್ಕೋರು, ಓಣಿಯ ಅರ್ಧ ಜನಕ್ಕೆ ಅಕ್ಷರ ಕಲಿಸಿ ನಿವೃತ್ತರಾದವರು. ಇನ್ನೊಬ್ಬ ಗಿರಿಮಲ್ಲ, ಓಣಿಯದೇ ಹುಡುಗ, ಪವರ್‌ಲೂಮು ರಿಪೇರಿ ಮಾಡಿಕೊಂಡಿದ್ದವನು. ಕಾರ್ಖಾನೆ ದೊಡ್ಡದಾಗಲು ಬಿಡುವುದಿಲ್ಲ ಎಂದು ಇಬ್ಬರೂ ಹೇಳಿದರು. ಗಿರಿಮಲ್ಲ ತುಸು ಜೋರಾಗಿ ಹೇಳಿದ.

ಮಹಾನಂದಾಳಿಗೆ ಮದುವೆಯಾಗಿ ಎಂಟು ವರ್ಷ. ಆಗ ಬಸುರಿಯಾಗಿ ಏಳು ತಿಂಗಳಾಗಿತ್ತು. ಎಂಟು ವರ್ಷ ಕಾದ ಬಸುರಿಗೆ ಓಣಿ ಕರೆದು ಕುಬಸ ಮಾಡಬೇಕು, ಹಸಿರು ಸೀರೆ ಉಡಿಸಿ ಹಸಿರು ಬಳೆ ತೊಡಿಸಿ ಉಡಿ ತುಂಬಬೇಕು ಎಂಬುದು ಕಾಶವ್ವನ ಆಸೆ. ಕೈಯಲ್ಲಿ ಮಾತ್ರ ಏನೂ ಇರಲಿಲ್ಲ. ಗಿರಿಮಲ್ಲ ಇದನ್ನು ಹೇಗೆ ತಿಳಿದುಕೊಂಡನೋ, ಒಂದು ಬೆಳಿಗ್ಗೆ ಬಂದು ಕಾಶವ್ವನ ಮನೆಯ ಮುಂದೆ ನನ್ನ ಪಕ್ಕದ ಕಟ್ಟೆಯ ಮೇಲೆ ಕುಳಿತ. ಮಹಾನಂದಾ ತನಗೂ ತಂಗಿಯೇ, ಅಕ್ಕಿ ಬೆಲ್ಲ ಗೋಧಿ ಎಲ್ಲ ತಾನು ಕಳಿಸುತ್ತೇನೆ, ಇಡೀ ವಾರ್ಡು ಉಣ್ಣಲಿ, ಕಾಶವ್ವ ನಿಂತು ಹುಗ್ಗಿ ಮಾಡಿದರೆ ಸಾಕು ಎಂದ. ಊಟ ಯಾರದು ಎಂದು ಹೇಳಬೇಕಾಗುತ್ತದಲ್ಲ ಎಂದು ಕಾಶವ್ವ ಕೇಳಿದಳು. ನಿಮ್ಮ ಮನೆಯದೇ ಊಟ, ನಿಮ್ಮ ಮನೆಯ ಹೆಸರೇ ಹೇಳಿ ಎಂದು ಅವನು ನಕ್ಕ. ನಗು ಚೆನ್ನಾಗಿಯೇ ಇತ್ತು, ಅದಕ್ಕೇ ನನಗೆ ಸಂಶಯ ಬರಲಿಲ್ಲ.

ಅಕ್ಕಿಯ ಚೀಲಗಳು ಟೆಂಪೋದಲ್ಲಿ ಬಂದವು. ಇಳಿಸಿದವರ ಕೈ ನೀಲಿ. ಒಬ್ಬ ನನ್ನ ಅಂಚು ಹಿಡಿದು ಆಚೆ ಸರಿಸಿದಾಗ ಅವನ ಹೆಬ್ಬೆರಳ ಗುರುತು ನನ್ನ ಮೇಲೆ ಉಳಿಯಿತು. ಚೀಲಗಳು ಬಂದದ್ದು ಕಾರ್ಖಾನೆಯ ಗೋದಾಮಿನಿಂದ, ಸಾವುಕಾರರು ತಾವೇ ನಿಂತು ಹೇರಿಸಿದರು ಎಂದು ಬಸಲಿಂಗ ಅತ್ತೆಯ ಕಿವಿಯಲ್ಲಿ ಹೇಳಿದ. ಕಾಶವ್ವ ಬಾಗಿಲಿನತ್ತ ತಿರುಗಿ ನೋಡಿದಳು. ಒಳಗೆ ಮಗಳು ಹಸಿರು ಸೀರೆಯ ನೆರಿಗೆ ಹಿಡಿಯುತ್ತಿದ್ದಳು. ಕಾಶವ್ವ ಸೆರಗಿನಿಂದ ಆ ನೀಲಿ ಗುರುತನ್ನು ಒರೆಸಿ ಒಲೆ ಹಚ್ಚಿದಳು.

ಆ ದಿನದ ಹುಗ್ಗಿಯ ಪರಿಮಳ ನನಗೆ ಇವತ್ತಿಗೂ ನೆನಪಿದೆ. ಅಷ್ಟು ತುಪ್ಪ ನನ್ನೊಳಗೆ ಎಂದೂ ಬಿದ್ದಿರಲಿಲ್ಲ. ಮಹಾನಂದಾ ಮಣೆಯ ಮೇಲೆ ಕೂತಿದ್ದಳು, ಮುಖ ಅರಳಿತ್ತು. ಆ ಮುಖ ನೋಡಿದ ಮೇಲೆ ಕಾಶವ್ವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಎಲೆ ಹಾಕಿದರು. ಕಾಶವ್ವ ಸೌಟು ಹಿಡಿದು ನಿಂತು, "ಈ ಊಟ ನಮ್ಮ ಮನೀದು" ಎಂದಳು. ದನಿ ಸಣ್ಣದಿತ್ತು. ನನ್ನ ಎದುರಿಗೆ ನಿಂತು ಹೇಳಿದ ಮೊದಲ ಸುಳ್ಳು ಅದು. ಜನ ಉಂಡರು. ಗಿರಿಮಲ್ಲ ಸಾಲುಸಾಲಿಗೆ ಹುಗ್ಗಿ ಬಡಿಸುತ್ತ, ನೆನಪಿರಲಿ, ನೆನಪಿರಲಿ ಎನ್ನುತ್ತ ಹೋದ.

ಎರಡನೆಯ ಪಂಕ್ತಿಗೆ ಚುನಾವಣೆಯವರ ಜೀಪು ಬಂತು. ಅಭ್ಯರ್ಥಿ ಬಡಿಸುವುದು ಕ್ಯಾಮೆರಾಕ್ಕೆ ಸಿಕ್ಕಿತು. ಇದು ಯಾರ ಖರ್ಚಿನ ಊಟ ಎಂದು ಅಧಿಕಾರಿ ಕೇಳಿದ. ಗಿರಿಮಲ್ಲನ ಜೊತೆಯವನೊಬ್ಬ ಗಡಬಡಿಸದೆ ಮುಂದೆ ಬಂದು ನನ್ನ ಅಂಚಿನ ಮೇಲೆ ಕೈಯಿಟ್ಟ.

"ಓಣಿ ಮಂದಿ ಪಟ್ಟಿ ಹಾಕಿ ಮಾಡಿದ್ದು, ಸಾಹೇಬ್ರ. ಕೊಟ್ಟವರ ಹೆಸರು ಇಲ್ಲೇ ಅದಾವು, ಓದ್ಕೋರಿ."

ಅಧಿಕಾರಿ ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನಲವತ್ತೊಂದು ಹೆಸರನ್ನೂ ಬರೆದುಕೊಂಡ. ನನಗೆ ಬಾಯಿ ಇದ್ದೂ ಇಲ್ಲದಂತಾಯಿತು. ಎಂಟು ದಿನದ ಕೂಲಿ ಕೊಟ್ಟವಳು, ಮಗಳ ಬಳೆಗೆಂದು ಇಟ್ಟದ್ದನ್ನು ಕೊಟ್ಟವನು, ಒಂದು ಹೊತ್ತಿನ ಊಟ ಬಿಟ್ಟು ಕೊಟ್ಟವರು, ಇವರೆಲ್ಲರ ಹೆಸರು ಒಬ್ಬ ಸಾವುಕಾರನಿಗೆ ಪರದೆಯಾಯಿತು. ಜೀಪು ತಿರುಗಿ ಹೋಯಿತು.

ಗಿರಿಮಲ್ಲ ಮೂವತ್ತೇಳು ಮತದಿಂದ ಗೆದ್ದ. ಅದಾದ ತಿಂಗಳೊಪ್ಪತ್ತಿನಲ್ಲಿ ಮಹಾನಂದಾಳಿಗೆ ಹೆಣ್ಣುಕೂಸು ಹುಟ್ಟಿತು. ಗೆದ್ದ ಮೂರನೆಯ ತಿಂಗಳು ಪುರಸಭೆಯಲ್ಲಿ ಕಾರ್ಖಾನೆಯ ವಿಷಯ ಬಂದಾಗ ಗಿರಿಮಲ್ಲ ಕೈ ಎತ್ತಿದ. ವಿರೋಧಕ್ಕಲ್ಲ, ಒಪ್ಪಿಗೆಗೆ.

ಇಂದುಮತಿ ಅಕ್ಕೋರು ಸೋತು ಮನೆಯಲ್ಲಿ ಕೂಡುವವರಲ್ಲ. ಗೆದ್ದವನು ಚುನಾವಣೆಯ ಖರ್ಚಿಗೆ ಯಾರು ಕೊಟ್ಟರೆಂದು ಬರೆದುಕೊಟ್ಟ ಪಟ್ಟಿಯ ನಕಲನ್ನು ಓಡಾಡಿ ತೆಗೆಸಿಕೊಂಡರು. ಅದನ್ನು ಹಿಡಿದು ಕಾಶವ್ವನ ಕಟ್ಟೆಗೆ ಬಂದು ಓದಿದರು. ಸಾವುಕಾರರ ಹೆಸರು ಎಲ್ಲೂ ಇರಲಿಲ್ಲ. ಕೊಟ್ಟವರು ನಲವತ್ತೊಂದು ಜನ, ನನ್ನ ಅಂಚಿನಲ್ಲಿದ್ದ ಅನುಕ್ರಮದಲ್ಲೇ. ಅವರಲ್ಲಿ ಇಪ್ಪತ್ತೊಂಬತ್ತು ಮಂದಿ ಮಣ್ಣಾಗಿ ಎಷ್ಟೋ ಕಾಲವಾಗಿತ್ತು. ಕೊನೆಯ ಸಾಲು ಓದುವಾಗ ಅಕ್ಕೋರು ನಿಧಾನ ಮಾಡಿದರು. ಬಾಳವ್ವ ಕೋಂ ಈರಪ್ಪ, ಎರಡು ಸಾವಿರ ರೂಪಾಯಿ.

ಕಾಶವ್ವನಿಗೆ ಮೊದಲು ನಗು ಬಂತು. ಎರಡು ಸಾವಿರವನ್ನು ಅವ್ವ ಒಮ್ಮೆಯೂ ಕಣ್ಣಲ್ಲಿ ಕಂಡಿರಲಿಲ್ಲ ಎಂದಳು. ಆಮೇಲೆ ನಗು ನಿಂತಿತು. ಅಕ್ಕೋರು ಅವಳ ಕೈ ಹಿಡಿದು ಹೇಳಿದ್ದು ಇಷ್ಟು: ದೂರು ಕೊಟ್ಟಿದ್ದೇನೆ, ವಿಚಾರಣೆಗೆ ಕರೆಯುತ್ತಾರೆ, ಅಕ್ಕಿ ಯಾರು ಕೊಟ್ಟರೆಂದು ಅಲ್ಲಿ ಒಂದು ಮಾತು ಹೇಳು. ಗಿರಿಮಲ್ಲನ ಸ್ಥಾನ ಹೋಗುತ್ತದೆ, ಆ ಒಪ್ಪಿಗೆಯನ್ನು ಮತ್ತೆ ಕೆದಕಬಹುದು, ಬೋರು ಉಳಿಯುತ್ತದೆ.

ಮರುದಿನ ಗಿರಿಮಲ್ಲ ಬಂದ. ಬೆದರಿಸಲಿಲ್ಲ. ಕಾಶವ್ವನ ಮೊಮ್ಮಗಳನ್ನು ಎತ್ತಿಕೊಂಡು ಆಡಿಸಿದ. ಕಾರ್ಖಾನೆಯಲ್ಲಿ ಬಸಲಿಂಗನನ್ನು ಕೂಲಿಯವರ ಮೇಲಿನ ಮುಕಾದಮ ಮಾಡುವ ಮಾತು ನಡೆದಿದೆ ಎಂದ. ಹೋಗುವಾಗ ಹೊಸ್ತಿಲಲ್ಲಿ ತಿರುಗಿ ನಿಂತ.

"ಆ ಕುಬಸ ಸುಳ್ಳು ಅಂತ ಹೇಳ್ತಿಯೇನು ಚಿಗವ್ವಾ? ಮಗಳ ಉಡಿ ತುಂಬಿದ್ದು ಸುಳ್ಳೇನು?"

ಆ ಮಾತು ಕಾಶವ್ವನ ಕರುಳಿಗೇ ತಾಗಿತು. ಎಂಟು ವರ್ಷ ಕಾದು ಉಡಿ ತುಂಬಿಸಿಕೊಂಡ ಮಗಳು ಒಳಗೆ ಕೂಸಿಗೆ ಹಾಲೂಡುತ್ತಿದ್ದಳು. ಊಟ ಸುಳ್ಳಾದರೆ ಉಡಿಯೂ ಸುಳ್ಳಾಯಿತೆಂದು ಓಣಿ ಆಡಿಕೊಳ್ಳುತ್ತದೆ. ನನ್ನನ್ನು ಕೇಳಿದ್ದರೆ, ಉಡಿ ಬೇರೆ, ಅಕ್ಕಿ ಬೇರೆ ಎನ್ನುತ್ತಿದ್ದೆ. ನನ್ನನ್ನು ಕೇಳುವವರು ಯಾರು?

ವಿಚಾರಣೆಯ ದಿನ ಸಾಕ್ಷಿಗೆಂದು ನನ್ನನ್ನೂ ಟೆಂಪೋದಲ್ಲಿ ಹೇರಿ ಕಚೇರಿಯ ಅಂಗಳಕ್ಕೆ ತಂದರು. ಅಧಿಕಾರಿ ಕುರ್ಚಿ ಹಾಕಿಸಿಕೊಂಡು ನನ್ನ ಪಕ್ಕ ಕುಳಿತ. ಒಂದು ಕಡೆ ಗಿರಿಮಲ್ಲ, ಒಂದು ಕಡೆ ಅಕ್ಕೋರು. ಕಾಶವ್ವ ನನ್ನ ಅಂಚು ಹಿಡಿದು ನಿಂತಳು. ಊಟಕ್ಕೆ ಯಾರು ಕೊಟ್ಟರು ಎಂದು ಕೇಳಿದರು.

"ಓಣ್ಯಾಗಿನವರು, ರೀ. ಹೆಸರು ಇದರ ಮ್ಯಾಲೆ ಅದಾವಲ್ಲ."

ಅಧಿಕಾರಿ ಪಟ್ಟಿಯ ಮೇಲೆ ಬೆರಳಾಡಿಸಿ ಕೊನೆಯ ಹೆಸರಿಗೆ ಬಂದ. ಬಾಳವ್ವ ಯಾರು ಎಂದು ಕೇಳಿದ. ನಮ್ಮವ್ವ ಎಂದಳು. ಅವರು ಬದುಕಿದ್ದಾರೆಯೇ ಎಂದ. ಕಾಶವ್ವನ ಬೆರಳು ನನ್ನ ಅಂಚಿನಲ್ಲಿ, ಅದೇ ಹೆಸರಿನ ಚುಕ್ಕೆಗಳ ಮೇಲಿತ್ತು.

"ಅದಾಳ್ರಿ" ಎಂದಳು.

ಅಧಿಕಾರಿಗೆ ಅಷ್ಟೇ ಬೇಕಾಗಿತ್ತು. ಅಕ್ಕೋರು ತಡೆಯಹೋದರೆ, ಮಗಳೇ ಹೇಳುತ್ತಿರುವಾಗ ಇನ್ನೇನು ಎಂದ, ಮನೆಗೆ ಹೋಗಿ ನೋಡುವ ತೊಂದರೆ ತೆಗೆದುಕೊಳ್ಳಲಿಲ್ಲ. ದೂರು ಬಿದ್ದುಹೋಯಿತು. ಅಕ್ಕೋರು ಕೊಡೆ ಬಿಚ್ಚಿಕೊಂಡು ಬಿಸಿಲಿನಲ್ಲಿ ನಡೆದುಹೋದರು. ನನ್ನೊಳಗೆ ಎಷ್ಟೋ ಸಾವಿನ ಅನ್ನ ಬೆಂದಿದೆ. ತೀರಿಹೋದ ತಾಯಿಯನ್ನು ಬದುಕಿದ್ದಾಳೆಂದು ಹೇಳಿದಾಗ ಆದಷ್ಟು ನೋವು ಆ ಯಾವ ದಿನವೂ ಆಗಿರಲಿಲ್ಲ.

ಮುಂದಿನದಕ್ಕೆ ಹೆಚ್ಚು ಮಾತು ಬೇಕಿಲ್ಲ. ಕಾರ್ಖಾನೆ ದೊಡ್ಡದಾಯಿತು. ಎರಡನೆಯ ವರ್ಷ ಬೋರಿನಿಂದ ತಿಳಿ ನೇರಳೆ ಬಣ್ಣದ ನೀರು ಬಂತು, ಅನ್ನ ಮಾಡಿದರೆ ಅಗುಳು ಕೂಡ ಬಣ್ಣ ಕಟ್ಟುತ್ತಿತ್ತು. ಮಹಾನಂದಾಳ ಕೂಸಿಗೆ ಮೈತುಂಬ ಗುಳ್ಳೆ. ಮೀಸಿದರೆ ಚೀರುತ್ತಿತ್ತು, ಮೀಸದಿದ್ದರೂ ಚೀರುತ್ತಿತ್ತು. ಆ ನೀರೇ ಕಾರಣವೆಂದು ಡಾಕ್ಟರು ಬರೆದುಕೊಡಲಿಲ್ಲ, ಆ ನೀರು ಮುಟ್ಟಿಸಬೇಡಿ ಎಂದು ಮಾತ್ರ ಬಾಯಿಂದ ಹೇಳಿದರು. ಹೊಸ ಯಂತ್ರ ಬಂದ ಮೇಲೆ ಹದಿನಾಲ್ಕು ಜನರನ್ನು ಕೆಲಸದಿಂದ ಬಿಡಿಸಿದರು. ಅದರಲ್ಲಿ ಬಸಲಿಂಗನೂ ಒಬ್ಬ. ಕೆಲಸ ಹೋದರೂ ಕೈಯ ನೀಲಿ ಹೋಗಲಿಲ್ಲ.

ಪುರಸಭೆಯ ಟ್ಯಾಂಕರು ಮೂರು ದಿನಕ್ಕೊಮ್ಮೆ ಬರತೊಡಗಿತು. ಓಣಿಯಲ್ಲಿ ದೊಡ್ಡ ಅಡುಗೆಗಳೇ ನಿಂತುಹೋದ್ದರಿಂದ ನನ್ನನ್ನು ಓಣಿಯ ಮೂಲೆಯಲ್ಲಿ ಕಲ್ಲಿನ ಮೇಲಿಟ್ಟು ಟ್ಯಾಂಕರಿನ ನೀರು ತುಂಬಿಸಿದರು. ಕಲಾಯಿ ಹೋಗಿ ಒಳಗೆಲ್ಲ ಹಸಿರು ಕಿಲುಬು. ಕಾಶವ್ವ ದಿನವೂ ಹುಣಸೆಹಣ್ಣು ಹಚ್ಚಿ ನನ್ನನ್ನು ತಿಕ್ಕುತ್ತಿದ್ದಳು, ಅವ್ವನ ಹೆಸರಿನ ಹತ್ತಿರ ಬಂದಾಗ ಮಾತ್ರ ಕೈ ತಪ್ಪಿಸುತ್ತಿದ್ದಳು. ಅವಳ ಮೇಲೆ ನನಗಿದ್ದ ಸಿಟ್ಟು ಕರಗಿದ್ದು ಅಲ್ಲಿ.

ಒಂದು ಮಧ್ಯಾಹ್ನ ಅವಳು ಖಾಜಾಸಾಬನನ್ನು ಕರೆತಂದಳು. ಕಲಾಯಿಯ ಕೆಲಸ ನಿಂತು ಅವನು ಬರೀ ಗುಜರಿಯವನಾಗಿದ್ದ, ಆದರೂ ಹೆಸರು ಕೆತ್ತುವ ಚಾಣ ಸುತ್ತಿಗೆ ಇಟ್ಟುಕೊಂಡಿದ್ದ. ಬಾಳವ್ವನ ಪಕ್ಕದ ಖಾಲಿ ಜಾಗ ತೋರಿಸಿ, ಇಲ್ಲೊಂದು ಹೆಸರು ಹಾಕಬೇಕು ಎಂದಳು. ಯಾರದೆಂದು ಕೇಳಿದ. ವಿರೂಪಾಕ್ಷ ಸಾವುಕಾರರದು ಎಂದಳು. ಅವನು ಸುತ್ತಿಗೆ ಕೆಳಗಿಟ್ಟ.

"ಅವರೇನು ಕೊಟ್ಟಾರ, ಕಾಶವ್ವಾ?"

"ಕುಬಸದ ಊಟ. ಗಿರಿಮಲ್ಲನ ಇಲೆಕ್ಷನ್ನಿಗೆ. ಹಂಗ ಹಾಕು. ಆ ದಿನ ನಾ ಹೇಳಬೇಕಾಗಿತ್ತು, ಹೇಳಲಿಲ್ಲ."

ಖಾಜಾಸಾಬ ಅವಳ ಮುಖ ನೋಡಿದ, ಆಚೀಚೆ ನೋಡಿದ, ಆಮೇಲೆ ಚಾಣ ಎತ್ತಿಕೊಂಡ. ಐವತ್ತು ವರ್ಷದ ಮೇಲೆ ನನ್ನ ಅಂಚಿಗೆ ಮತ್ತೆ ಏಟು ಬಿತ್ತು. ಮುದಿ ತಾಮ್ರಕ್ಕೆ ಏಟು ಜಾಸ್ತಿ ನೋಯುತ್ತದೆ. ಆದರೆ ಅಂಥ ಹಿತವಾದ ನೋವನ್ನು ನಾನು ಕಂಡಿಲ್ಲ. 'ವಿರೂಪಾಕ್ಷ ಸಾವುಕಾರ, ಗಿರಿಮಲ್ಲನ ಇಲೆಕ್ಷನ್ ಊಟ' ಎಂದು ಒತ್ತೊತ್ತಾದ ಚುಕ್ಕೆಗಳಲ್ಲಿ ಮೂಡಿತು. ಕೂಲಿ ಬೇಡವೆಂದು ಹೇಳಿ ಅವನು ಎದ್ದುಹೋದ.

ಕೊಡ ಹಿಡಿದು ಬಂದ ಹೆಂಗಸರೆಲ್ಲ ಅದನ್ನು ಓದಿದರು. ಓದಲು ಬಾರದವರು ಓದಿಸಿಕೊಂಡರು. ಅಕ್ಕೋರೂ ಒಂದು ದಿನ ಬಂದು ಕನ್ನಡಕ ಹಾಕಿಕೊಂಡು ನೋಡಿದರು. ಕೇಸು ಮುಗಿದುಹೋಗಿದೆ, ಇದರಿಂದ ಈಗ ಏನೂ ಆಗುವುದಿಲ್ಲ ಎಂದರು. ಗೊತ್ತು ಎಂದು ಕಾಶವ್ವ ಹೇಳಿದಳು. ಅಕ್ಕೋರು ಅಲ್ಲೇ ಅವಳ ಪಕ್ಕ ಕಲ್ಲಿನ ಮೇಲೆ ಬಹಳ ಹೊತ್ತು ಕೂತಿದ್ದರು.

ಏನೂ ಆಗುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ. ಹದಿನೈದು ದಿನಕ್ಕೆ ಗಿರಿಮಲ್ಲ ಬಂದ. ತಾಮ್ರದ ಕಿಲುಬು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಓಣಿಯವರಿಗೆ ಬುದ್ಧಿ ಹೇಳಿದ. ನನ್ನ ಜಾಗಕ್ಕೆ ಒಂದು ದೊಡ್ಡ ಕಪ್ಪು ಪ್ಲಾಸ್ಟಿಕ್ ಟ್ಯಾಂಕು ತರಿಸಿದ. ಅದರ ಹೊಟ್ಟೆಯ ಮೇಲೆ 'ಗಿರಿಮಲ್ಲ ಇವರ ಕೊಡುಗೆ' ಎಂದು ಮೊಳದಷ್ಟು ದೊಡ್ಡ ಬಿಳಿ ಅಕ್ಷರ. ಹೆಸರು ಹಾಕಿಸಿಕೊಳ್ಳುವುದು ಅವನಿಗೂ ಬರುತ್ತಿತ್ತು, ಬೇಕಾದಲ್ಲಿ ಮಾತ್ರ. ನನ್ನನ್ನು ಮಾರಿ ಬಂದದ್ದನ್ನು ಮನೆಮನೆಗೆ ಹಂಚಬಹುದು ಎಂದ. ಓಣಿಯವರು ನೆಲ ನೋಡಿದರು, ಆಮೇಲೆ ಹೂಂ ಎಂದರು. ಅವರ ಮೇಲೆ ನನಗೆ ಕೋಪವಿಲ್ಲ ಎಂದರೆ ಸುಳ್ಳಾದೀತು.

ಗುಜರಿಯಲ್ಲಿ ಖಾಜಾಸಾಬನೇ ನನ್ನನ್ನು ತುಂಡು ಮಾಡಬೇಕಾಯಿತು. ಕಣ್ಣೆದುರಿಗೇ ಆಗಲಿ ಎಂದು ಗಿರಿಮಲ್ಲನ ಕಡೆಯವನೊಬ್ಬ ಬಂದು ನಿಂತಿದ್ದ. ಹಿಂದೆ ನನ್ನ ಅಂಚಿನ ಮೇಲೆ ಕೈಯಿಟ್ಟವನೇ ಅವನು. ತಳ ಹೋಯಿತು, ಹೊಟ್ಟೆ ಹೋಯಿತು. ಅಂಚಿನ ಸರದಿ ಬರುವ ಹೊತ್ತಿಗೆ ಕಾಶವ್ವ ಬಂದು, ನಮ್ಮವ್ವನ ಹೆಸರಿರುವ ತುಂಡು ತೂಕ ಮಾಡಿ ಕೊಡು ಎಂದು ಕೇಳಿದಳು. ಕಾವಲು ನಿಂತವನು ಫೋನಿನಲ್ಲಿದ್ದ. ಮುದುಕಿಗೆ ತಾಯಿಯ ನೆನಪು, ಒಯ್ಯಲಿ ಬಿಡು ಎಂದು ಕೈಯಾಡಿಸಿದ. ಖಾಜಾಸಾಬ ಒಂದು ಗೇಣು ಅಳೆದು ಕತ್ತರಿಸಿದ. ಒಂದು ಹೆಸರಿಗೆ ಅರ್ಧ ಗೇಣು ಸಾಕಾಗಿತ್ತು.

ಹೀಗೆ ನಾನು ಬಾಗಿಲ ಮೇಲೆ ಬಂದೆ. ಒಂದು ಕಡೆ ಬಾಳವ್ವ ಕೋಂ ಈರಪ್ಪ, ಒಂದು ಕಡೆ ವಿರೂಪಾಕ್ಷ ಸಾವುಕಾರ. ಕಾಶವ್ವ ಹೊರಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ತಲೆಯೆತ್ತಿ ಓದುತ್ತಾಳೆ. ಮೊಮ್ಮಗಳಿಗೆ ಈಗ ನಾಲ್ಕು ತುಂಬಿದೆ, ತೋಳಿನ ಕಲೆ ಇನ್ನೂ ಹೋಗಿಲ್ಲ.

ಹೋದ ವಾರ ಮತ್ತೆ ಚುನಾವಣೆಯ ಮೈಕು ಓಣಿಗೆ ಬಂತು. ಈ ಸಲ ನಿಂತವನು ಬೇರೆ. ಅವನ ಕಡೆಯ ಒಬ್ಬ ಕೈಮುಗಿದುಕೊಂಡು ಕಾಶವ್ವನ ಬಾಗಿಲಿಗೆ ಬಂದ. ಮೊಮ್ಮಗಳ ಹುಟ್ಟುಹಬ್ಬವನ್ನು ಓಣಿಗೆಲ್ಲ ಊಟ ಹಾಕಿಸಿ ಮಾಡೋಣ, ಸಾಮಾನೆಲ್ಲ ನಾವೇ ಕಳಿಸುತ್ತೇವೆ ಎಂದ. ಕಾಶವ್ವ ಬೆರಳೆತ್ತಿ ನನ್ನನ್ನು ತೋರಿಸಿದಳು. ಅವನು ಕತ್ತೆತ್ತಿ ಓದಿದ. ಎರಡನೆಯ ಹೆಸರಿನ ಹತ್ತಿರ ಮುಗಿದ ಕೈ ತಾನಾಗಿ ಇಳಿಯಿತು. ಈ ಸಲವೂ ಸಾಮಾನು ಎಲ್ಲಿಂದ ಬರಲಿದೆ ಎಂದು ಕೇಳುವ ಅಗತ್ಯ ನನಗೆ ಬೀಳಲಿಲ್ಲ.

ಅವನು ಮೆಟ್ಟಿಲು ಇಳಿದು ಪಕ್ಕದ ಮನೆಗೆ ಹೋದ. ಅಲ್ಲಿ ಒಪ್ಪಿದರು. ನಿನ್ನೆ ಊಟವಾಯಿತು. ಅಂಗಡಿಯಿಂದ ಬಾಡಿಗೆಗೆ ಒಂದು ದೊಡ್ಡ ಅಲ್ಯೂಮಿನಿಯಂ ಪಾತ್ರೆ ಬಂದಿತ್ತು, ಹೊಚ್ಚ ಹೊಸದು, ಅಂಚಿನಲ್ಲಿ ಒಂದು ಹೆಸರೂ ಇಲ್ಲ. ಮುಚ್ಚಳ ತೆಗೆದರು. ಊಟ ಯಾರದೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಎಲ್ಲರೂ ಉಂಡರು.